ಹುಣಸೆಬೇಲೆಯ ಗಂಜಿ ಶಿಲುಬೆ

ಹೊಳೆ ಕಡಲನ್ನು ಸೇರುವ ಅಳಿವೆಯ ದಕ್ಷಿಣ ದಂಡೆಯಲ್ಲಿ ಹುಣಸೆಬೇಲೆ ಎಂಬ ಊರಿದೆ. ಹೆದ್ದಾರಿಯಿಂದ ಒಳಗೆ ತಿರುಗುವ ಬಸ್ಸು ಗಜನಿ ಗದ್ದೆಗಳ ನಡುವಿನ ಏರಿಯ ಮೇಲೆ ಸಾಗಿ, ಸುಣ್ಣ ಬಳಿದ ಹಳೆಯ ಇಗರ್ಜಿಯ ಹಿಂಬದಿಗೆ ಬಂದು ನಿಲ್ಲುತ್ತದೆ. “ಗಂಜಿ ಶಿಲುಬೆ ಇಳಿಯೋರು ಬನ್ನಿ” ಎಂದು ಕಂಡಕ್ಟರ್ ಕೂಗಿದಾಗ ಹೊಸಬರು ನಕ್ಕುಬಿಡುತ್ತಾರೆ. ಬರಗಾಲದಲ್ಲಿ ಇಲ್ಲಿ ಗಂಜಿ ಕೇಂದ್ರ ಇದ್ದಿರಬೇಕು ಎಂದು ಕೆಲವರು ಊಹಿಸುತ್ತಾರೆ. ಇಗರ್ಜಿಯ ಹಿಂದಿನ ಸ್ಮಶಾನವನ್ನು ಹೊಕ್ಕರೆ ಮೊದಲು ಕಾಣುವುದು ಸಿಮೆಂಟಿನ ಪುಟ್ಟ ಪುಟ್ಟ ಶಿಲುಬೆಗಳು, ಬಿಳಿ ಟೈಲ್ಸ್ ಹಾಕಿದ ಸಮಾಧಿಗಳು, ಬಿಸಿಲಿಗೆ ಬಣ್ಣ ಬಿಟ್ಟ ಪ್ಲಾಸ್ಟಿಕ್ ಹೂಗಳು. ಅವೆಲ್ಲವನ್ನೂ ದಾಟಿ ಪಶ್ಚಿಮದ ಮೂಲೆಗೆ ಹೋದರೆ, ಆಳೆತ್ತರವನ್ನು ಮೀರಿದ ಕಲ್ಲಿನ ಶಿಲುಬೆಯೊಂದು ತಾನೊಂದೇ ನಿಂತಿದೆ. ಅದರ ಪೀಠ ಗಡಿಗೆಯಂತೆ ಉಬ್ಬಿ, ಮೇಲಕ್ಕೆ ಸಣ್ಣದಾಗಿ, ಸುರುಳಿ ಸುತ್ತಿದ ಎಲೆಗಳಲ್ಲಿ ಬಿಚ್ಚಿಕೊಳ್ಳುತ್ತದೆ. ಕಾಂಡದ ತುಂಬ ದ್ರಾಕ್ಷಿಯ ಬಳ್ಳಿ; ತೋಳುಗಳ ತುದಿಯಲ್ಲಿ ಅರಳಲು ಬಾಯಿ ತೆರೆದ ಮೊಗ್ಗುಗಳು; ಬುಡದಲ್ಲಿ ತಲೆಬುರುಡೆ; ತೋಳುಗಳ ಕೆಳಗೆ ಅತ್ತ ಒಬ್ಬ, ಇತ್ತ ಒಬ್ಬ, ರೆಕ್ಕೆಯುಳ್ಳ ದೇವದೂತರು. ಬಲ್ಲವರು ಇದನ್ನು ಯುರೋಪಿನ ಹಳೆಯ ಬರೋಕ್ ಶೈಲಿ ಎನ್ನುತ್ತಾರೆ. ಕಲ್ಲು ಮಾತ್ರ ಇಲ್ಲಿಯ ಕೆಂಪು ಚಿರೇಕಲ್ಲಲ್ಲ, ಘಟ್ಟದ ಮೇಲಿನ ಬಳಪದ ಕಲ್ಲು. ಇಷ್ಟು ಚೆಲುವಾದ ಶಿಲುಬೆಯ ಮೇಲೆ ಸತ್ತವರ ಹೆಸರಾಗಲಿ, ವರ್ಷವಾಗಲಿ ಒಂದಕ್ಷರವೂ ಇಲ್ಲ.

ಹಿಂದೆ ಒಮ್ಮೆ, ಗೋವೆಯಿಂದ ಹಾಯಿ ಹಡಗುಗಳು ಈ ಅಳಿವೆಯವರೆಗೂ ಬರುತ್ತಿದ್ದ ಕಾಲದಲ್ಲಿ, ಹುಣಸೆಬೇಲೆಯ ಕ್ರೈಸ್ತರಿಗೆ ಸಾಂತಾನ್ ಎಂಬವನು ಗುರ್ಕಾರನಾಗಿದ್ದ. ಗುರ್ಕಾರನೆಂದರೆ ಇಗರ್ಜಿಯ ಕೆಲಸಕ್ಕೂ ಊರಿನ ವ್ಯಾಜ್ಯಕ್ಕೂ ಮುಂದೆ ನಿಲ್ಲುವ ಹಿರಿಯ. ಉಪ್ಪುನೀರು ನುಗ್ಗದಂತೆ ಮಣ್ಣಿನ ಕಟ್ಟೆ ಹಾಕಿ, ಆ ತಗ್ಗಿನಲ್ಲಿ ಕಗ್ಗ ಎಂಬ ಕೆಂಪು ಭತ್ತ ಬೆಳೆಯುವುದು ಊರಿನ ಬದುಕು. ಈಗಲೂ ಆ ಗದ್ದೆಗಳನ್ನೇ ಗಜನಿ ಎನ್ನುವುದು. ಸಾಂತಾನನಿಗೂ ಅವನ ಹೆಂಡತಿ ಇಜಾಬೆಲಳಿಗೂ ಮಿಂಗೆಲ್ ಎಂಬ ಒಬ್ಬನೇ ಮಗ. ಒಂದು ವರ್ಷ ತೆನೆ ಹಾಲುಗಟ್ಟುವ ಹೊತ್ತಿಗೆ, ದೊಡ್ಡ ಉಬ್ಬರದ ಸಂಜೆ ಕಟ್ಟೆ ಒಂದು ಕಡೆ ಬಿರಿಯಿತು. ಇಜಾಬೆಲ್ ಬೇಡವೆಂದರೂ ಕೇಳದೆ, ಗುರ್ಕಾರನ ಮಗನೇ ಮನೆಯಲ್ಲಿ ಕೂತರೆ ಉಳಿದವರು ಬರುತ್ತಾರೆಯೇ ಎಂದು ಸಾಂತಾನ್ ಮಗನನ್ನು ಕಳಿಸಿದ. ಹುಲ್ಲಿನ ಹೊರೆ, ಮಣ್ಣು, ಕಲ್ಲು ಹಾಕಿ ಜನ ಬಿರುಕನ್ನು ಮುಚ್ಚಿದರು, ಬೆಳೆ ಉಳಿಯಿತು. ಆದರೆ ಮುಚ್ಚುವ ಮೊದಲು ಅದೇ ಬಿರುಕು ಮಿಂಗೆಲನನ್ನು ಎಳೆದುಕೊಂಡಿತ್ತು. ಮಾರನೆಯ ಇಳಿತದಲ್ಲಿ ಅವನು ತನ್ನದೇ ಗದ್ದೆಯ ಕೆಸರಿನಲ್ಲಿ ಸಿಕ್ಕಿದ.

ಆ ವರ್ಷ ಹುಣಸೆಬೇಲೆಯ ಪ್ರತಿ ಮನೆಯಲ್ಲೂ ಹೊಸ ಅಕ್ಕಿಯ ಅನ್ನವಾಯಿತು. ಇಜಾಬೆಲ್ ಒಲೆ ಹಚ್ಚಿದಳು, ಗಂಡನಿಗೆ ಬಡಿಸಿದಳು, ಆದರೆ ಅವನೊಡನೆ ಮಾತಾಡಲಿಲ್ಲ. ಬೈದಿದ್ದರೆ ಸಾಂತಾನನಿಗೆ ಹಗುರವಾಗುತ್ತಿತ್ತು. ಊರಿನ ಹೆಂಗಸರು ಮೊದಮೊದಲು ಬಂದು ಕೂತರು. ಯಾರೂ ಮಿಂಗೆಲನ ಹೆಸರೆತ್ತಲಿಲ್ಲ. ಹೆಸರೆತ್ತಿದರೆ ತಾಯಿ ಅತ್ತಾಳೆಂಬ ಕರುಣೆ ಅವರದು. ಮಗನ ಹೆಸರನ್ನು ಬೇರೆಯವರ ಬಾಯಲ್ಲಿ ಒಮ್ಮೆ ಕೇಳಬೇಕೆಂದು ಅವಳ ಜೀವ ಹಾತೊರೆಯುತ್ತಿತ್ತೆಂಬುದು ಯಾರಿಗೆ ಗೊತ್ತಾಗಬೇಕು? ಹೀಗೆ ಮನೆಯೊಳಗೆ ಇಬ್ಬರು ಎರಡು ದ್ವೀಪಗಳಾದರು. ಕೊನೆಗೆ ಸಾಂತಾನನಿಗೆ ತೋಚಿದ್ದು ಕಲ್ಲು. ಗೋವೆಯಿಂದ ಈಚೆಗೆ ಎಲ್ಲಿಯೂ ಇಲ್ಲದಂಥ ಶಿಲುಬೆಯನ್ನು ಮಗನ ಸಮಾಧಿಯ ಮೇಲೆ ನಿಲ್ಲಿಸುತ್ತೇನೆಂದು ಹರಕೆ ಹೊತ್ತು, ಘಟ್ಟದ ಮೇಲಿಂದ ಬಳಪದ ಕಲ್ಲನ್ನು ಎತ್ತಿನ ಗಾಡಿಯಲ್ಲೂ ದೋಣಿಯಲ್ಲೂ ತರಿಸಿ, ಗೋವೆಗೆ ಹೇಳಿ ಕಳಿಸಿ ಒಬ್ಬ ಶಿಲ್ಪಿಯನ್ನು ಕರೆಸಿದ.

ಶಿಲ್ಪಿಯ ಹೆಸರು ಕೈತಾನ್. ತಲೆಕೂದಲು ಇನ್ನೂ ಕಪ್ಪಾಗಿದ್ದ, ಮಾತು ಕಡಿಮೆಯ ಮನುಷ್ಯ. ಉಳಿ ಸುತ್ತಿಗೆಗಳ ಮರದ ಪೆಟ್ಟಿಗೆಯನ್ನು ಹೆಗಲ ಮೇಲಿಟ್ಟುಕೊಂಡು ಮಂಜಿ ಎಂಬ ಸರಕಿನ ಹಾಯಿ ಹಡಗಿನಿಂದ ಇಳಿದ ಅವನು, ಊರೊಳಗೆ ಕೊಟ್ಟ ಬಿಡಾರವನ್ನು ಒಲ್ಲೆನೆಂದು, ಕಲ್ಲಿನ ಹತ್ತಿರವೇ ಇರುತ್ತೇನೆಂದು ಸ್ಮಶಾನದ ಮೂಲೆಯಲ್ಲಿ ತೆಂಗಿನ ಮಡಲಿನ ಗುಡಿಸಲು ಹಾಕಿಕೊಂಡ. ಕೆಲಸಗಾರನಿಗೆ ಮಧ್ಯಾಹ್ನದ ಗಂಜಿ ಗುರ್ಕಾರನ ಮನೆಯದು. ಆಳಿನ ಕೈಯಲ್ಲಿ ಕಳಿಸಬಹುದಿತ್ತು. ಇಜಾಬೆಲ್ ತಾನೇ ಹೊತ್ತು ನಡೆದಳು. ಹೇಗಿದ್ದರೂ ಮಗನ ಸಮಾಧಿಗೆ ಹೋಗುವವಳು. ಕಗ್ಗದ ಗಂಜಿ, ಸುಟ್ಟ ಒಣಮೀನು, ಮಿಡಿ ಉಪ್ಪಿನಕಾಯಿ. ಇಟ್ಟು ಬರುತ್ತಿದ್ದಳು, ಅಷ್ಟೆ. ಬಳ್ಳಿ ಎಲೆಗಳೆಲ್ಲ ಮೂಡಿ ದೇವದೂತನ ಸರದಿ ಬಂದಾಗ ಕೈತಾನ್ ಅವಳನ್ನು, ಗೋವೆಯ ಕಡೆ ಹೆಂಗಸರನ್ನು ಗೌರವದಿಂದ ಕರೆಯುವಂತೆ ಬಾಯೀ ಎಂದು ಕರೆದು ಕೇಳಿದ: “ಬಾಯೀ, ನಿಮ್ಮ ಮಿಂಗೆಲ್ ನಗುವಾಗ ಹೇಗೆ ನಗುತ್ತಿದ್ದ?”

ಇಜಾಬೆಲ್ ನಿಂತಲ್ಲೇ ಕೂತುಬಿಟ್ಟಳು. ಹೆಸರು ಕೇಳಿ ಎಷ್ಟು ಕಾಲವಾಗಿತ್ತು! “ಬಾಯಿ ಮುಚ್ಚಿ ನಗುತ್ತಿದ್ದ” ಎಂದಳು. “ಮುಂದಿನ ಹಲ್ಲು ಒಂದು ಸೊಟ್ಟ. ಅದು ಕಾಣಬಾರದೆಂದು ತುಟಿ ಬಿಗಿ ಹಿಡಿಯುತ್ತಿದ್ದ. ನಗು ಎಲ್ಲ ಕೆನ್ನೆಗೆ ಹೋಗುತ್ತಿತ್ತು.” ಅಂದಿನಿಂದ ಗಂಜಿ ಇಟ್ಟು ಬರುವವಳು ಗಂಜಿ ಮುಗಿದ ಮೇಲೂ ಕೂರತೊಡಗಿದಳು. ಮಿಂಗೆಲನಿಗೆ ಈಜು ಕಲಿಸಿದ್ದು, ಅವನು ಏಡಿ ಹಿಡಿಯಲು ಹೋಗಿ ಬೆರಳು ಕಚ್ಚಿಸಿಕೊಂಡದ್ದು, ಕೀರ್ತನೆ ಹಾಡುವಾಗ ಅಪಸ್ವರ ತೆಗೆಯುತ್ತಿದ್ದದ್ದು, ಎಲ್ಲವನ್ನೂ ಹೇಳಿದಳು. ಕೈತಾನ್ ಕಲ್ಲಿನಿಂದ ಕಣ್ಣು ತೆಗೆಯದೆ ಕೇಳುತ್ತಿದ್ದ. ತನ್ನ ಮನೆಯ ಮಾತನ್ನು ಅವನು ಎಂದೂ ಎತ್ತಲಿಲ್ಲ. ಮಾತು ಮುಗಿದಾಗಲೂ ಉಳಿಯ ಸದ್ದು ಇರುತ್ತಿತ್ತು. ಆ ಸದ್ದಿನಲ್ಲಿ ಕೂತರೆ ಮನೆಯ ಮೌನ ಅವಳಿಗೆ ಮರೆತುಹೋಗುತ್ತಿತ್ತು.

ಒಂದು ಮಧ್ಯಾಹ್ನ ಅವಳು ಬಂದಾಗ ಕೈತಾನ್ ಏನನ್ನೋ ಗುನುಗುತ್ತ ದೇವದೂತನ ರೆಕ್ಕೆಯನ್ನು ಕೆತ್ತುತ್ತಿದ್ದ. ಬೂದು ಕಲ್ಲಿನ ಮೇಲೆ ಕೆಂಪಗೆ ಹರಿದಿತ್ತು. ಉಳಿ ಜಾರಿ ಹೆಬ್ಬೆರಳ ಬುಡವನ್ನು ಆಳವಾಗಿ ಸೀಳಿದೆ. ರಕ್ತ ರೆಕ್ಕೆಯ ಗೆರೆಗಳಲ್ಲಿ ತುಂಬಿಕೊಂಡು ಹನಿಯುತ್ತಿದೆ. ಅವನ ಗುನುಗು ನಿಂತಿಲ್ಲ.

“ಕೈತಾನ, ನಿನ್ನ ಕೈ!”

ಅವನು ಕೈಯನ್ನು ನೋಡಿದ. ಬೇರೆ ಯಾರದೋ ಕೈಯನ್ನು ನೋಡುವಂತೆ ನೋಡಿದ. ಆಮೇಲೆ ಅವಳ ಮುಖವನ್ನು ನೋಡಿದ. ಇಜಾಬೆಲಳ ಸೋದರಮಾವನೊಬ್ಬನಿಗೆ ಹೀಗೆಯೇ ಆಗಿತ್ತು. ಬೆಂಕಿ ತಗುಲಿದರೂ ತಿಳಿಯದ ಅವನನ್ನು ಮನೆಯವರು ಒಂದು ದಿನ ದೋಣಿ ಹತ್ತಿಸಿ ಎಲ್ಲಿಗೋ ಕಳಿಸಿದ್ದನ್ನು ಅವಳು ಎಳವೆಯಲ್ಲಿ ಕಂಡಿದ್ದಳು. ದೊಡ್ಡ ರೋಗ, ಕುಷ್ಠ. ಈಗ ಅದಕ್ಕೆ ಔಷಧವಿದೆ, ಗುಣವಾಗುತ್ತದೆ, ಜೊತೆಗಿದ್ದವರಿಗೆಲ್ಲ ಅಂಟುವುದೂ ಇಲ್ಲ. ಆಗ ಇದು ಯಾರಿಗೂ ತಿಳಿದಿರಲಿಲ್ಲ.

“ಊರು ಬಿಡುವ ಮೊದಲೇ ಗೊತ್ತಿತ್ತು ಬಾಯೀ” ಎಂದ ಕೈತಾನ್. “ಬೆನ್ನಿನ ಮೇಲೆ ಮಚ್ಚೆ ಬಂದಿತ್ತು. ಹೆಂಡತಿ ನೋಡಿದಳು, ಮಕ್ಕಳನ್ನು ಕರೆದುಕೊಂಡು ತವರಿಗೆ ಹೋದಳು. ಅವಳದೇನು ತಪ್ಪು? ಹೊರಗಟ್ಟುವ ಮೊದಲು ನಾನೇ ಹೊರಟೆ. ಇದೊಂದು ಮುಗಿಯುವ ತನಕ ಯಾರಿಗೂ ಹೇಳಬೇಡಿ. ಇನ್ನೊಂದು ಕಲ್ಲು ನನಗೆ ಯಾರೂ ಕೊಡುವುದಿಲ್ಲ.”

ಅವಳು ಹೇಳಲಿಲ್ಲ. ಆದರೆ ಮರುದಿನ ಬಂದಾಗ ತನಗರಿವಿಲ್ಲದೆ ಎಂದಿಗಿಂತ ತುಸು ದೂರ ಕೂತಳು. ಕೈತಾನ್ ಅದನ್ನು ಕಂಡು ತನ್ನ ಚಾಪೆಯನ್ನು ಇನ್ನಷ್ಟು ಹಿಂದಕ್ಕೆಳೆದುಕೊಂಡ.

ಇಂಥದ್ದು ಬಹಳ ಕಾಲ ಮುಚ್ಚಿಡಲು ಬರುವುದಿಲ್ಲ. ಇಗರ್ಜಿಯ ಗಂಟೆ ಹೊಡೆಯುವ ಪೆದ್ರು ಎಂಬವನು ಒಮ್ಮೆ ಕೈತಾನನ ಒಲೆಯಿಂದ ಚಿಲುಮೆಗೆ ಬೆಂಕಿ ಕೇಳಿದ. ಕೈತಾನ್ ಕೆಲಸದ ಗುಂಗಿನಲ್ಲಿ ಕೆಂಡವನ್ನು ಬರಿಗೈಯಲ್ಲೇ ಎತ್ತಿ ಹಿಡಿದ. ಚರ್ಮ ಸುಟ್ಟ ವಾಸನೆ ಪೆದ್ರುವಿನ ಮೂಗಿಗೆ ಬಂತು, ಕೈತಾನನ ಮುಖದಲ್ಲಿ ನೋವು ಬರಲಿಲ್ಲ. ಆ ಭಾನುವಾರ ಪೂಜೆ ಮುಗಿದೊಡನೆ ಇಗರ್ಜಿಯ ಅಂಗಳದಲ್ಲೇ ಊರು ಸೇರಿತು. ಅವನನ್ನು ಇಂದೇ ದೋಣಿ ಹತ್ತಿಸಬೇಕು, ಅವನು ಮುಟ್ಟಿದ ಕಲ್ಲನ್ನು ಅಳಿವೆಗೆ ತಳ್ಳಬೇಕು ಎಂದರು. ಪಾದ್ರಿಗಳು ಮುದುಕರು, ಕರುಣೆ ಇರಲೆಂದು ಮೆಲ್ಲಗೆ ಹೇಳಿ ಒಳಗೆ ಹೋದರು. ಎಲ್ಲರೂ ಗುರ್ಕಾರನ ಕಡೆ ನೋಡಿದರು. ಸಾಂತಾನ್ “ಊರು ಹೇಳಿದಂತೆಯೇ ಆಗಲಿ” ಎಂದ.

ಆಗ ಹೆಂಗಸರ ಸಾಲಿನಿಂದ ಇಜಾಬೆಲ್ ಎದ್ದು ಬಂದಳು. ಮಗ ಸತ್ತ ಮೇಲೆ ಗಂಡನೊಡನೆ ಅವಳಾಡಿದ ಮೊದಲ ಮಾತು ಅದು. “ಊರಿಗಾಗಿ ಮಗನನ್ನು ಕಟ್ಟೆಗೆ ಕಳಿಸಿದಿರಿ. ಊರಿಗಾಗಿ ಇವನನ್ನು ಎಲ್ಲಿಗೆ ಕಳಿಸುತ್ತೀರಿ?”

ದೋಣಿಯ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಕೊನೆಗೆ ಆದ ತೀರ್ಮಾನ ಇಷ್ಟು: ಕೈತಾನ್ ಸ್ಮಶಾನದ ಗೋಡೆಯ ಆಚೆ, ಮುಳ್ಳುಕಂಟಿಯ ಪಾಳು ಜಾಗದಲ್ಲಿರಲಿ, ಕಲ್ಲೂ ಅಲ್ಲಿಯೇ ಇರಲಿ, ಅವನು ಈಚೆ ಬರಕೂಡದು, ಊರವರು ಆಚೆ ಹೋಗಕೂಡದು. ಎತ್ತುಗಳನ್ನು ಕಟ್ಟಿ ಅರ್ಧ ಕೆತ್ತಿದ ಶಿಲುಬೆಯನ್ನು ಗೋಡೆಯ ಹೊರಗೆಳೆದು ಹಾಕಿದರು. ಮನೆಗೆ ಬಂದ ಮೇಲೆ ಸಾಂತಾನ್ ಹೆಂಡತಿಗೆ ಹೇಳಿದ: “ಅಲ್ಲಿಗೆ ಹೋಗುವುದಾದರೆ ಈ ಒಲೆಯ ಹತ್ತಿರ ಬರಬೇಡ. ನಾನು ನಾಲ್ಕು ಜನರ ಮುಂದೆ ನಿಲ್ಲಬೇಕಾದವನು.” ಇಜಾಬೆಲ್ ತನ್ನ ಸೀರೆಗಳನ್ನೂ ಒಂದು ಮಡಕೆಯನ್ನೂ ತೆಗೆದುಕೊಂಡು ಹಿತ್ತಲಿನ ಕೊಟ್ಟಿಗೆಯ ಮಗ್ಗುಲಿಗೆ ಹೋದಳು. ಅಲ್ಲಿ ಕಲ್ಲುಗಳನ್ನಿಟ್ಟು ಒಲೆ ಹೂಡಿ, ತನ್ನ ಪಾಲಿನ ಕಗ್ಗದ ಅಕ್ಕಿಯಲ್ಲಿ ಗಂಜಿ ಕಾಸಿ, ಎಂದಿನ ಹೊತ್ತಿಗೆ ಹೊತ್ತು ನಡೆದಳು.

ಗೋಡೆಯ ಆಚೆ ಒಂದು ಚಪ್ಪಟೆ ಬಂಡೆ ಇತ್ತು. ಅದರ ಮೇಲೆ ಮಡಕೆಯಿಟ್ಟು ಅವಳು ಹಿಂದೆ ಸರಿಯುವಳು. ಅವನು ಬಂದು ತನ್ನ ಬಟ್ಟಲಿಗೆ ಸುರಿದುಕೊಂಡು ಹೋಗುವನು. ಹತ್ತಿರ ಬರಲು ಅವನೇ ಬಿಡುತ್ತಿರಲಿಲ್ಲ. ಮೊದಮೊದಲು ದೂರದಿಂದಲೇ ಕೂಗಿ ಮಾತಾಡಿಕೊಳ್ಳುತ್ತಿದ್ದರು. ಮಳೆಗಾಲ ಬಂತು, ಅಳಿವೆಯ ಮೊರೆತದಲ್ಲಿ ಕೂಗು ಕೇಳಿಸದಾಯಿತು. ಮಳೆ ನಿಂತ ಮೇಲೆ ಅವನ ಗಂಟಲೇ ಒಡೆದು, ಗಾಳಿಯಷ್ಟೇ ಹೊರಡುವಂತಾಗಿತ್ತು. ಬೆರಳುಗಳು ಮಡಚಿಕೊಂಡಿದ್ದವು. ಉಳಿಯನ್ನು ಅಂಗೈಗೆ ಬಟ್ಟೆಯಿಂದ ಬಿಗಿದು ಕಟ್ಟಿಕೊಂಡು, ಕಣ್ಣಳತೆಯಲ್ಲೇ ಅವನು ಕೆತ್ತುತ್ತಿದ್ದ. ಇಜಾಬೆಲ್ ಇಗರ್ಜಿಯ ಗೋಡೆಗೆ ಬೆನ್ನು ಕೊಟ್ಟು ಮಗನ ಸಮಾಧಿಯ ಬಳಿ ಕೂತು ಆ ಸದ್ದನ್ನು ಕೇಳುವಳು. ಸದ್ದಿದ್ದರೆ ಅವನಿದ್ದಾನೆ. ಇಗರ್ಜಿಯಲ್ಲಿ ಅವಳು ಚಾಪೆ ಹಾಸಿದ ಕಡೆ ಬೇರೆ ಹೆಂಗಸರು ಕೂರುತ್ತಿರಲಿಲ್ಲ. ಬಾವಿಕಟ್ಟೆಗೆ ಅವಳು ಬಂದರೆ ಕೊಡಗಳು ಸರಿಯುತ್ತಿದ್ದವು. ದಾರಿಯಲ್ಲಿ ಮಕ್ಕಳು “ಗಂಜಿ ಬಾಯಿ ಬಂದಳು, ಗಂಜಿ ಬಾಯಿ!” ಎಂದು ಓಡುತ್ತಿದ್ದರು. ಇಡೀ ಊರಿನಲ್ಲಿ ಅವಳಿಗೆ ಉಳಿದದ್ದು ಗೋಡೆಯಾಚೆಯ ಆ ಟಕ್ ಟಕ್ ಸದ್ದೊಂದೇ.

ಒಂದು ದಿನ ಹಿಂದಿನ ದಿನದ ಗಂಜಿ ಬಂಡೆಯ ಮೇಲೆ ಹಾಗೆಯೇ ಇತ್ತು. ಕಾಗೆಗಳು ಮಡಕೆಯನ್ನು ಉರುಳಿಸಿದ್ದವು. ಸದ್ದಿಲ್ಲ. ಇಜಾಬೆಲ್ ಅರೆಗಳಿಗೆ ನಿಂತಳು, ಆಮೇಲೆ ಬಂಡೆಯನ್ನು ದಾಟಿ ನಡೆದಳು. ಗುಡಿಸಲಿನಲ್ಲಿ ಕೈತಾನ್ ಜ್ವರದಲ್ಲಿ ಬಿದ್ದಿದ್ದ. ಹೊರಗೆ ಅಂಗಾತ ಮಲಗಿದ ಶಿಲುಬೆ ಬಿಸಿಲಿನಲ್ಲಿ ಮಿರುಗುತ್ತಿತ್ತು. ಬಲಗಡೆಯ ದೇವದೂತ ತುಟಿ ಬಿಗಿಹಿಡಿದು ಕೆನ್ನೆಯಲ್ಲಿ ನಗುತ್ತಿದ್ದ. ಎಡಗಡೆಯವನಿಗೆ ರೆಕ್ಕೆ, ಕೂದಲು, ಕತ್ತು ಎಲ್ಲ ಇತ್ತು. ಮುಖದ ಜಾಗ ಮೊಟ್ಟೆಯಂತೆ ನುಣುಪಾಗಿತ್ತು.

“ಹತ್ತಿರ ಬರಬೇಡಿ” ಎಂದು ಅವನು ಗಾಳಿಯ ದನಿಯಲ್ಲಿ ಹೇಳಿದ. “ಒಂದು ಮುಖ ಉಳಿದುಹೋಯಿತು ಬಾಯೀ. ನನ್ನ ಚಿಕ್ಕ ಮಗಳದ್ದು ಮಾಡಬೇಕೆಂದಿದ್ದೆ. ಎಷ್ಟು ನೆನೆದರೂ ಮುಖ ಮಾತ್ರ ನೆನಪಾಗುವುದಿಲ್ಲ.”

ಇಜಾಬೆಲ್ ಅವನ ತಲೆಯನ್ನೆತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡಳು. ಕರಟದ ಸೌಟಿನಿಂದ ಗಂಜಿಯ ತಿಳಿಯನ್ನು ಅವನ ಬಾಯಿಗೆ ಬಿಟ್ಟಳು. “ಹೆಸರೇನು ಮಗುವಿನದು?” ಎಂದು ಕೇಳಿದಳು. ಅವನು ಹೇಳಿದ ಹೆಸರನ್ನು ಅವಳು ಯಾರಿಗೂ ಹೇಳಲಿಲ್ಲವಾದ್ದರಿಂದ ಅದು ಕಥೆಯಲ್ಲಿ ಉಳಿದಿಲ್ಲ. ಮನುಷ್ಯರ ಕೈ ಸೋಕಿ ವರ್ಷಗಳೇ ಆಗಿದ್ದ ಕೈತಾನ್ ಆ ಮಡಿಲಲ್ಲಿ ಎಳೆಯ ಮಗುವಿನಂತೆ ಅತ್ತನಂತೆ. ಅವಳು ಮನೆಗೆ ಹೋಗಲಿಲ್ಲ. ಅವನು ತೀರಿಹೋಗುವ ತನಕ ಅಲ್ಲಿಯೇ ಇದ್ದಳು.

ಗಂಟೆ ಹೊಡೆಯಲಿಲ್ಲ, ಹೆಗಲು ಕೊಡಲು ಯಾರೂ ಬರಲಿಲ್ಲ. ಇಜಾಬೆಲ್ ಗುದ್ದಲಿ ತಂದು ತಾನೇ ಅಗೆಯತೊಡಗಿದಳು. ಕಡಲಂಚಿನ ಮರಳು ಮಣ್ಣು ಮೊದಲು ಸುಲಭವಾಗಿ ಬಂತು. ಕೆಳಗೆ ಚಿರೇಕಲ್ಲು ಎದುರಾಯಿತು. ಗುದ್ದಲಿ ಕಲ್ಲಿಗೆ ಬಡಿಯುವ ಸದ್ದು ಗಜನಿಯ ತನಕ ಕೇಳಿಸಿತು. ಕಟ್ಟೆಯ ಮೇಲಿದ್ದ ಸಾಂತಾನ್ ಕಿವಿಗೊಟ್ಟು ನಿಂತ. ಅವನೂ ಅಷ್ಟು ಕಾಲ ಆ ಉಳಿಯ ಸದ್ದನ್ನು ದಿನವೂ ಕಟ್ಟೆಯ ಮೇಲಿಂದ ಕೇಳಿದವನೇ. ತನ್ನ ಹರಕೆಯನ್ನು ತಾನೇ ಹೊರಗೆ ಹಾಕಿಸಿದ ಮೇಲೂ ಒಬ್ಬ ಅದನ್ನು ಬಿಡದೆ ಮಾಡುತ್ತಿದ್ದಾನಲ್ಲ ಎಂದು ಒಳಗೊಳಗೇ ಬೇಯುತ್ತಿದ್ದವನು. ಈಗ ಕೇಳುತ್ತಿದ್ದದ್ದು ಉಳಿಯ ಸದ್ದಲ್ಲವೆಂದು ಅವನಿಗೆ ತಿಳಿಯಿತು. ಹಾರೆ ಎತ್ತಿಕೊಂಡು ಹೊರಟ. ಎಲ್ಲರೂ ನೋಡುತ್ತಿದ್ದಂತೆ ಗೋಡೆ ಹತ್ತಿ ಆಚೆ ಇಳಿದು, ಹೆಂಡತಿಯ ಎದುರು ನಿಂತ.

“ಇಷ್ಟು ಸಾಲದು” ಎಂದ, ಗುಂಡಿಯನ್ನು ನೋಡುತ್ತ. “ನೀನು ಮೇಲೆ ಬಾ.”

ಅವಳು ಮೇಲೆ ಬರಲಿಲ್ಲ. ಅವನೇ ಇಳಿದ. ಇಬ್ಬರೂ ಸೇರಿ ಅಗೆದರು, ಕೈತಾನನನ್ನು ಅವನ ಚಾಪೆಯಲ್ಲಿ ಸುತ್ತಿ ಇಳಿಸಿದರು. ಮಣ್ಣು ಮುಚ್ಚಿದ ಮೇಲೆ ಸಾಂತಾನ್ ಶಿಲುಬೆಯ ಕಡೆ ನೋಡಿ, “ಇದನ್ನು ಮಿಂಗೆಲನ ಹತ್ತಿರ...” ಎಂದು ಶುರುಮಾಡಿದ. ಇಜಾಬೆಲ್ ತಲೆಯಾಡಿಸಿದಳು. “ಮಿಂಗೆಲನಿಗೆ ನಾನಿದ್ದೇನೆ, ನೀವಿದ್ದೀರಿ. ಇವನಿಗೆ ಯಾರಿದ್ದಾರೆ? ಇಲ್ಲಿಯೇ ನಿಲ್ಲಲಿ.” ಮಗನ ಹೆಸರನ್ನು ಗಂಡ ಹೆಂಡಿರಿಬ್ಬರೂ ಒಬ್ಬರೆದುರು ಒಬ್ಬರು ಆಡಿದ್ದು, ಅವನು ಸತ್ತ ಮೇಲೆ, ಅಂದೇ ಮೊದಲು. ಸಾಂತಾನ್ ಅಲ್ಲಿಯೇ ಕುಸಿದು ಕೂತು, ಸಾವಿನ ದಿನ ಅಳದಿದ್ದ ಅಳುವನ್ನೆಲ್ಲ ಅತ್ತ.

ಅಂಥ ಭಾರದ ಕಲ್ಲನ್ನು ನಿಲ್ಲಿಸುವುದು ಇಬ್ಬರ ಕೆಲಸವಲ್ಲ. ಸಾಂತಾನ್ ಮಣ್ಣಿನ ಇಳಿಜಾರು ಕಟ್ಟಿ, ಮರದ ದಿಮ್ಮಿ ಕೊಟ್ಟು, ಎತ್ತುಗಳಿಂದ ಎಳೆಸಿ, ದಿನಕ್ಕಿಷ್ಟು ದಿನಕ್ಕಿಷ್ಟು ಎಂದು ಮೇಲೆತ್ತಿದ. ಊರು ಗೋಡೆಯ ಈಚೆ ನಿಂತು ನೋಡಿತು. ಕೊನೆಯ ಎಳೆತದಲ್ಲಿ ಹಗ್ಗ ಕೈಜಾರುವಂತಾದಾಗ ಗಂಟೆಯ ಪೆದ್ರು ಓಡಿಹೋಗಿ ತುದಿ ಹಿಡಿದ. ಶಿಲುಬೆ ನೆಟ್ಟಗೆ ನಿಂತಿತು. ಪೆದ್ರು ನೇರವಾಗಿ ಕಡಲಿಗೆ ಹೋಗಿ, ಮೊಣಕೈ ತನಕ ಮರಳು ಹಚ್ಚಿ ತಿಕ್ಕಿ ತಿಕ್ಕಿ ತೊಳೆದುಕೊಂಡ. ಅದನ್ನು ಕಂಡು ಇಜಾಬೆಲ್ ನಕ್ಕಳಂತೆ. ಆಮೇಲೆ ಸಾಂತಾನ್ ಸ್ಮಶಾನದ ಪಶ್ಚಿಮದ ಗೋಡೆಯನ್ನು ತನ್ನ ಕೈಯಾರೆ ಕೆಡವಿ, ಅದೇ ಚಿರೇಕಲ್ಲುಗಳನ್ನು ಆಚೆಗೆ ಹೊತ್ತು, ಶಿಲುಬೆ ಒಳಗಾಗುವಂತೆ ಸುತ್ತುಹಾಕಿ ಕಟ್ಟಿದ. ತಡೆಯಬೇಕೆಂದವರೂ ಅವನ ಮುಖ ನೋಡಿ ತಡೆಯಲಿಲ್ಲ. ಗುರ್ಕಾರಿಕೆಯನ್ನು ಅವನು ಆ ವರ್ಷವೇ ಬಿಟ್ಟುಕೊಟ್ಟ.

ಇಜಾಬೆಲಳಿಗೆ ರೋಗ ಅಂಟಲಿಲ್ಲ. ಗಂಡನೊಂದಿಗೆ ಮತ್ತೆ ಒಂದೇ ಒಲೆಯ ಅನ್ನ ಉಂಡಳು. ಅವನು ಮೊದಲು ಹೋದ. ಆ ಮೇಲೂ ಅವಳು ಬಹುಕಾಲ ಬದುಕಿದಳು. ಊರು ಅವಳನ್ನು ನೋಯಿಸಲಿಲ್ಲ, ಹತ್ತಿರವೂ ಸೇರಿಸಲಿಲ್ಲ. ಭಯ ಒಮ್ಮೆ ರೂಢಿಯಾಯಿತೆಂದರೆ ಕಾರಣ ಹೋದ ಮೇಲೂ ಅದು ಹೋಗುವುದಿಲ್ಲ. ಸ್ಮಶಾನದ ಆ ಮೂಲೆಯಲ್ಲಿ ತಮ್ಮವರನ್ನು ಮಣ್ಣು ಮಾಡಲು ತಲೆಮಾರುಗಳ ತನಕ ಯಾರೂ ಒಪ್ಪಲಿಲ್ಲ. ಮಕ್ಕಳು ಹಂಗಿಸಲು ಇಟ್ಟ ಹೆಸರಿನಿಂದಲೇ ಕಲ್ಲನ್ನೂ ಕರೆದರು: ಗಂಜಿ ಬಾಯಿಯ ಶಿಲುಬೆ. ಹಂಗಿಸಿದ ಮಕ್ಕಳು ಅಜ್ಜ ಅಜ್ಜಿಯರಾದರು, ಅವರ ಮೊಮ್ಮಕ್ಕಳಿಗೆ ಮೂದಲಿಕೆ ಮರೆತು ಹೆಸರಷ್ಟೇ ಉಳಿಯಿತು. ನಾಲಿಗೆಯ ಮೇಲೆ ಸವೆದು ಸವೆದು ನಡುವಿನ ‘ಬಾಯಿ’ ಬಿದ್ದುಹೋಗಿ ಗಂಜಿ ಶಿಲುಬೆಯಾಯಿತು ಎನ್ನುತ್ತಾರೆ. ಈಗ ಬಾಣಂತಿಯರು ಮೊದಲ ಸಲ ಇಗರ್ಜಿಗೆ ಬಂದಾಗ, ಕಡಲಿಗೆ ಹೋದವರು ಕ್ಷೇಮವಾಗಿ ಮರಳಿದಾಗ, ಜಾತಿ ಮತ ನೋಡದೆ ಆ ಪೀಠದ ಬಳಿ ಗಂಜಿ ಬಡಿಸುವುದುಂಟು.

ಈಚೆಗೆ ದೂರದೂರದಿಂದಲೂ ಜನ ಬರುತ್ತಾರೆ. ಪೀಠದ ಸುರುಳಿಗಳ ಮೇಲೆ ಬೆರಳಾಡಿಸುತ್ತಾರೆ, ಎಡಗಡೆಯ ದೇವದೂತನ ಮುಖ ಉಪ್ಪುಗಾಳಿಗೆ ಸವೆದಿದೆಯೆಂದು ಮರುಗುತ್ತಾರೆ. ಸಾಂತಾನನ ಸಮಾಧಿಯೂ ಮಿಂಗೆಲನದೂ ಇಗರ್ಜಿಯ ಗೋಡೆಗೆ ತಾಗಿ ಅಕ್ಕಪಕ್ಕದಲ್ಲಿವೆ, ಕೇಳಿದರೆ ತೋರಿಸುತ್ತಾರೆ. ಇಜಾಬೆಲಳದು ಎಲ್ಲಿ ಎಂದು ಕೇಳಿದರೆ ಖಚಿತವಾಗಿ ತೋರಿಸಬಲ್ಲವರಿಲ್ಲ. ಅವಳು ಸತ್ತಾಗ ಮಣ್ಣಿಗಿಟ್ಟವರು ಯಾರೋ, ನೆಟ್ಟ ಮರದ ಶಿಲುಬೆ ಯಾವ ಮಳೆಗಾಲದಲ್ಲಿ ಕೊಳೆಯಿತೋ. ಶಿಲುಬೆಯ ಎದುರಿಗೆ ಸಮಾಧಿಗಳಿಲ್ಲದ ಒಂದು ಹುಲ್ಲಿನ ಬಯಲಿದೆ. ಫೋಟೋ ತೆಗೆಯುವವರು ಅಷ್ಟೆತ್ತರದ ಶಿಲುಬೆ ಪೂರ್ತಿ ಕಾಣಲೆಂದು ಒಂದೊಂದೇ ಹೆಜ್ಜೆ ಹಿಂದೆ ಸರಿಯುತ್ತ ಆ ಹುಲ್ಲಿನ ಮೇಲೆ ಬಂದು ನಿಲ್ಲುತ್ತಾರೆ. ಇಜಾಬೆಲ್ ಆ ಹುಲ್ಲಿನ ಕೆಳಗೇ ಇದ್ದಾಳೆಂದು ಊರಿನ ಹಿರಿಯರು ಹೇಳುತ್ತಾರೆ.